ಆಪಾ ಹಾಕಿದ ಗಂಟು

ಆಪಾಳ ಬಲಗೈ ಹೆಬ್ಬೆರಳಿನ ನಡುಭಾಗದಲ್ಲಿ ಒಂದು ತಗ್ಗಿತ್ತು. ದಬ್ಬಣದ ಹಿಂಬದಿ ಒತ್ತಿ ಒತ್ತಿ ಆದದ್ದು. ಚರ್ಮ ಕಪ್ಪಾಗಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸಂಶಿಯ ವ್ಯಾಪಾರಿಗಳ ಮೆಣಸಿನಕಾಯಿ ಚೀಲಗಳ ಬಾಯಿ ಹೊಲಿಯುವುದು ಅವಳ ಕೆಲಸ. ಎಷ್ಟು ತೊಳೆದರೂ ಕೈಯ ಘಾಟು ಹೋಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಅವಳು ಮುಖ ಒರೆಸಿದರೆ ನನ್ನ ಕಣ್ಣು ಉರಿಯುತ್ತಿತ್ತು.

ಅವಳು ನನ್ನ ಅಕ್ಕ, ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಅವಳು ಶಾಲೆಗೇ ಹೋದವಳಲ್ಲ. ಆದರೆ ನಮ್ಮೂರಿನಿಂದ ಯಾರು ಹೊರದೇಶಕ್ಕೆ ಹೊರಟರೂ ಮೊದಲು ಅವಳ ಮನೆಗೆ ಬ್ಯಾಗ್ ತಂದಿಡುತ್ತಿದ್ದರು. ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವ ಮುದುಕರು, ದುಬೈಗೆ ಗೌಂಡಿ ಕೆಲಸಕ್ಕೆ ಹೋಗುವವರು, ನೇಪಾಳಕ್ಕೆ ದೇವರ ದರ್ಶನಕ್ಕೆ ಹೊರಟ ಮಠದ ಓಣಿಯ ಅಮ್ಮಂದಿರು. ಅವಳು ಕಲಿತದ್ದು ಹೋಗಿ ಬಂದವರಿಂದ. ಯಾವ ಸಾಮಾನು ಉಪಯೋಗಕ್ಕೆ ಬಂತು, ಯಾವುದು ಮಡಿಕೆ ಬಿಚ್ಚದೆ ವಾಪಸ್ ಬಂತು, ಅಧಿಕಾರಿಗಳು ಏನನ್ನು ಕಸಿದುಕೊಂಡರು ಎಂದು ಚಹಾ ಕೊಟ್ಟು ಕೂಡಿಸಿಕೊಂಡು ಕೇಳುತ್ತಿದ್ದಳು.

ತುಂಬಿದ ಬ್ಯಾಗನ್ನು ಹೋಗುವವರೇ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ನಡೆದು ಬರಬೇಕು, ಅದು ಅವಳ ಕಾಯಿದೆ. ನೇಪಾಳದ ಒಬ್ಬ ಅಮ್ಮ ಅರ್ಧ ದಾರಿಯಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು.

"ಯವ್ವಾ, ನನ್ನ ಜೀಂವಾ ಹೋಕ್ಕೈತಿ, ಬಿಡಬೇ!"

"ಏಳು ಸೀರಿ ಯಾರಿಗೆ ತೋರಸಾಕ್ರಿ ಅಮ್ಮಾರ? ಪಶುಪತಿ ನಿಮ್ಮ ಸೀರಿ ನೋಡಾಂವಲ್ಲ."

"ಅಂವಾ ನೋಡೂದಿಲ್ಲ, ಬಾಜೂಕಿನಾಕಿ ನೋಡ್ತಾಳಲ್ಲ!"

ನಾಲ್ಕು ಸೀರೆ ಹೊರಗೆ ಬಂದವು.

ಗುಳಿಗೆ, ಒಂದು ಜೋಡಿ ಬಟ್ಟೆ ಕೈಚೀಲದಲ್ಲೇ ಇರಬೇಕು. ಬರುವಾಗ ತರುವ ಸಾಮಾನಿಗೆ ದೊಡ್ಡ ಬ್ಯಾಗಿನ ಕಾಲು ಭಾಗ ಖಾಲಿ ಇರಬೇಕು. ಮಂದಿ ಕೊಟ್ಟ ಪುಡಿಕೆಯನ್ನು ಬಿಚ್ಚಿ ನೋಡದೆ ಇಡುತ್ತಿರಲಿಲ್ಲ. ಗಸಗಸೆ ಕಂಡರಂತೂ ತೆಗೆದು ಬದಿಗಿಡುತ್ತಿದ್ದಳು. ಅದು ಅಫೀಮಿನ ಗಿಡದ ಬೀಜ, ಕೊಲ್ಲಿ ದೇಶಗಳಿಗೆ ಒಯ್ಯಗೊಡುವುದಿಲ್ಲ. "ಇಲ್ಲೆ ಇದು ಪಾಯಸಾ, ಅಲ್ಲೆ ಕೇಸು," ಅನ್ನುತ್ತಿದ್ದಳು. ಕೊನೆಗೆ ಜಿಪ್ಪಿನ ಎರಡೂ ತುದಿಗಳನ್ನು ಸುತಳಿಯಿಂದ ಬಿಗಿದು, ಚೀಲದ ಬಾಯಿಗೆ ಹಾಕುವ ಗಂಟನ್ನೇ ಹಾಕುತ್ತಿದ್ದಳು. ಆ ಗಂಟನ್ನು ಮುಟ್ಟಿಯೇ ಅವಳು ಕಟ್ಟಿದ್ದೆಂದು ಹೇಳಬಹುದಿತ್ತು.

ಒಮ್ಮೆ ಅವಳ ಸರದಿಯೂ ಬಂತು. ಗಂಡ ತೀರಿಹೋಗಿದ್ದರಿಂದ ಉಮ್ರಾಕ್ಕೆ ಅವಳ ಜೊತೆ ನಾನು ಹೊರಟೆ. ಅಲ್ಲಿ ಅಡುಗೆ ಕೆಲಸಕ್ಕಿದ್ದ ನನ್ನ ಗೆಳೆಯ, ಹೆಂಡತಿಯ ಬಾಣಂತನಕ್ಕೆ ಗಸಗಸೆ ತಾ ಎಂದು ಫೋನ್ ಮಾಡಿದ್ದ. ಹುಬ್ಬಳ್ಳಿಯಲ್ಲಿ ಆಪಾ ನಮಾಜಿಗೆ ಹೋದಾಗ ಅವಳ ಬ್ಯಾಗಿನ ಸುತಳಿ ಬಿಚ್ಚಿ, ಅವಳು ಖಾಲಿ ಬಿಟ್ಟ ಜಾಗದಲ್ಲಿ ಪುಡಿಕೆ ತುರುಕಿ, ಮತ್ತೆ ಕಟ್ಟಿದೆ. ನನ್ನ ಬ್ಯಾಗ್ ಭಾರವಾಗಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆಣ್ಣುಮಗಳ ಬ್ಯಾಗನ್ನು ಯಾರೂ ತೆಗೆಸುವುದಿಲ್ಲ ಎಂದುಕೊಂಡಿದ್ದೆ.

ತೆಗೆಸಿದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಪುಡಿಕೆ ಮೇಜಿನ ಮೇಲೆ ಬಂತು. ಹಿಂದಿ ಬಲ್ಲ ಒಬ್ಬ ಅಧಿಕಾರಿ, ಈ ಬ್ಯಾಗ್ ತುಂಬಿದವರು ಯಾರು ಎಂದು ಕೇಳಿದ. ನಾನು ಆಪಾಳ ಕಡೆ ನೋಡಿದೆ, ಅಷ್ಟೇ. ಅವನೂ ಅವಳ ಕಡೆ ತಿರುಗಿದ. ಆಪಾ ಪುಡಿಕೆಯನ್ನು ನೋಡಿದಳು, ಆಮೇಲೆ ಕತ್ತರಿಸಿ ಬಿದ್ದ ಸುತಳಿಯ ಗಂಟನ್ನು ನೋಡಿದಳು. ತಾನೇ ತುಂಬಿದ್ದು ಎಂದು ಹಿಂದಿಯಲ್ಲಿ ಹೇಳಿದಳು.

ಐದು ತಾಸು ಕೂಡಿಸಿದರು. ಬಿಡುವಾಗ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಮೂರು ಸಲ ಒತ್ತಿದರೂ ಗೆರೆ ಮೂಡಲಿಲ್ಲ, ಬರೀ ಮಸಿಯ ಮುದ್ದೆ. ಅಧಿಕಾರಿ ಬೇಸತ್ತು ಎಡಗೈ ಹಿಡಿದೆಳೆದ. ನಾನು ಗೋಡೆ ನೋಡುತ್ತ ನಿಂತಿದ್ದೆ.

ಹೊರಗೆ ನಮಗಾಗಿ ಬಸ್ಸಿನಲ್ಲಿ ಕಾದು ಸಾಕಾದ ನಮ್ಮೂರಿನ ಉಮ್ರಾ ಸಂಗಡಿಗರು ಊರಿಗೆ ಬಂದು ಸುಮ್ಮನಿರಲಿಲ್ಲ. ಅವಳ ಮನೆಗೆ ಬ್ಯಾಗ್ ಬರುವುದು ನಿಂತಿತು. ಚಹಾದಂಗಡಿಯಲ್ಲಿ ಒಬ್ಬ, "ಏನಲೇ, ನಿಮ್ಮ ಆಪಾ ಅರಬರಿಗೆ ಪಾಯಸಾ ಕುಡಸಾಕ ಹೋಗಿದ್ಲಂತಲ್ಲ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಪಾ ಒಂದೇ ಒಂದು ಸಲ ಆ ಮಾತು ತೆಗೆದಳು, ಅದೂ ಚೀಲ ಹೊಲಿಯುತ್ತ, ತಲೆ ಎತ್ತದೆ. "ನೀ ಗಂಟ ಹಾಕೂದು ಕಲೀಲೇ. ನಿಂದು ಭಾಳ ಸಡ್ಲ."

ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ನಲವತ್ತನೆಯ ದಿನ ಊಟಕ್ಕೆ ಕೂಡಿದವರ ಎದುರು ಎದ್ದುನಿಂತು ಎಲ್ಲವನ್ನೂ ಹೇಳಿದೆ. ಪಾಯಸದ ಮಾತಾಡಿದವನು ತಾಟು ಬಿಟ್ಟು ಎದ್ದುಹೋದ. ಅವಳು ಬದುಕಿದ್ದಾಗ ಹೇಳಬೇಕಿತ್ತು.

ಅವಳ ಕಾಯಿದೆಗಳನ್ನು ಬಲ್ಲವನು ನಾನೊಬ್ಬನೇ ಉಳಿದಿದ್ದರಿಂದ ಈಗ ಬ್ಯಾಗುಗಳು ನನ್ನ ಮನೆಗೆ ಬರುತ್ತವೆ. ತಂದವರಿಗೆ ಮೊದಲು ಈ ಕತೆ ಹೇಳುತ್ತೇನೆ. ಕೆಲವರು ಬ್ಯಾಗ್ ಎತ್ತಿಕೊಂಡು ಹೋಗುತ್ತಾರೆ. ಉಳಿದವರದನ್ನು ಅವಳು ತುಂಬುತ್ತಿದ್ದ ಹಾಗೆಯೇ ತುಂಬಿ, ಕಾಲು ಭಾಗ ಖಾಲಿ ಬಿಟ್ಟು, ಅವಳದೇ ದಬ್ಬಣದಿಂದ ಸುತಳಿ ಪೋಣಿಸುತ್ತೇನೆ. ನನ್ನ ಹೆಬ್ಬೆರಳು ಇನ್ನೂ ಮೆತ್ತಗಿದೆ, ಚುಚ್ಚಿದರೆ ರಕ್ತ ಬರುತ್ತದೆ. ಗಂಟು ಮಾತ್ರ ಸಡಿಲವಿಲ್ಲ.