ಪೇಟಿ ಚಲೋ ಐತಿ

ವಿದ್ಯೆ ಪಕ್ವವಾಗದೆ ಯಾರೂ ಪ್ರಯೋಗಕ್ಕೆ ಇಳಿಯಬಾರದು. ಇದು ಶಾಸ್ತ್ರಸಮ್ಮತವಾದ ಮಾತು. ನಾನಂತೂ ಮೊದಲ ಇಂಜೆಕ್ಷನ್ ಕೊಟ್ಟದ್ದು ಎರಡನೇ ವರ್ಷದಲ್ಲಿ, ಹಾಸ್ಟೆಲ್ಲಿನ ಅಡುಗೆಯವನಿಗೆ.

1978ರಲ್ಲಿ ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ ಇತ್ತು. ಅಲ್ಲಿಗೆ ಬರುತ್ತಿದ್ದ ವೀರಭದ್ರಪ್ಪ ಕಟ್ಟಿಗೆ ಸೀಳುವ ಮಿಲ್ಲೊಂದರಲ್ಲಿ ದೊಡ್ಡ ಗರಗಸದ ಮುಂದೆ ನಿಲ್ಲುವವರು. ಹುಚ್ಚು ಹಾರ್ಮೋನಿಯಂದು, ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಹೆಂಡತಿ ನೀಲವ್ವ ಸೋಮವಾರದ ಭಜನೆಯಲ್ಲಿ ಹಾಡುತ್ತಿದ್ದರು. ಆಕೆಗೆ ಸಾಥ್ ಕೊಡಬೇಕೆಂದೇ ಇವರು ಹಳಿಯಾಳದ ಮಾಸ್ತರರೊಬ್ಬರ ಹತ್ತಿರ ಆರು ವರ್ಷದಿಂದ ಪಲ್ಟೆ, ಅಂದರೆ ಸ್ವರಗಳನ್ನು ಹಿಂದೆಮುಂದೆ ತಿರುಗಿಸುವ ಪಾಠ, ಕಲಿಯುತ್ತಿದ್ದರು. ಭಜನೆಯಲ್ಲಿ ಮಾತ್ರ ಒಮ್ಮೆಯೂ ಪೇಟಿ ಹಿಡಿದು ಕೂತಿರಲಿಲ್ಲ.

ಜ್ವರಕ್ಕೆ ಔಷಧ ಒಯ್ಯಲು ಬಂದವರು ಒಮ್ಮೆ ಕೇಳಿದರು: “ಮಂದಿ ಮುಂದ ಕುಂದ್ರಾಕ ಇನ್ನೆಷ್ಟು ಕಲೀಬೇಕ್ರಿ ಡಾಕ್ಟರ್ ಸಾಹೇಬ್ರ?”

ಸಂಗೀತದಲ್ಲಿ ನನ್ನ ಜ್ಞಾನ ಶೂನ್ಯ. ಆದ್ದರಿಂದ ಖಚಿತವಾಗಿ ಉತ್ತರಿಸಿದೆ. ಅರೆಬರೆ ಕಲಿತ ವೈದ್ಯ ರೋಗಿಯನ್ನು ಕೊಲ್ಲುತ್ತಾನೆ, ಅರೆಬರೆ ಕಲಿತ ವಾದಕ ಶ್ರುತಿಯನ್ನು. ಇನ್ನೊಂದು ಐದು ವರ್ಷ ತಡೆಯಿರಿ ಎಂದೆ. ಅವರು ಕೂಗಿ ಕೂಗಿ ಉಪಕಾರ ಸ್ಮರಿಸಿದರು. ಯಾವಾಗಲೂ ಮಾತಾಡುವುದೇ ಹಾಗೆ. ನಾನದನ್ನು ಉತ್ಸಾಹವೆಂದು ತಿಳಿದಿದ್ದೆ.

ಮಾತು ಪಾಲಿಸಿದರು. 1983ರಲ್ಲಿ ನೀಲವ್ವನೇ ಗಂಡನನ್ನು ಕರೆತಂದರು. ಪೇಟಿಯ ಮೇಲಿನ ಸಪ್ತಕ, ಅಂದರೆ ಎತ್ತರದ ಸ್ವರಗಳು, ಸತ್ತಿವೆ ಎಂದು ವೀರಭದ್ರಪ್ಪ ಅದನ್ನು ಎರಡು ಸಲ ಹುಬ್ಬಳ್ಳಿಗೆ ರಿಪೇರಿಗೆ ಕಳಿಸಿದ್ದರಂತೆ. ಎರಡನೇ ಸಲ ಪೇಟಿಯ ಜೊತೆ ಚೀಟಿಯೊಂದು ಬಂದಿತ್ತು. ನೀಲವ್ವ ಅದನ್ನು ನನ್ನ ಮೇಜಿನ ಮೇಲಿಟ್ಟರು: “ಪೇಟಿ ಚಲೋ ಐತಿ. ಮಾಲಕರ ಕಿವಿ ತೋರಸ್ರಿ.”

ಐದೂವರೆ ವರ್ಷ ಓದಿದ ನನಗೆ ಕಾಣದ ರೋಗವನ್ನು ಪೇಟಿ ರಿಪೇರಿಯವನು ರೋಗಿಯ ಮುಖ ನೋಡದೆಯೇ ಹಿಡಿದಿದ್ದ.

ಟ್ಯೂನಿಂಗ್ ಫೋರ್ಕುಗಳನ್ನು ತೆಗೆದೆ. ಬಡಿದರೆ ಒಂದೊಂದೂ ಒಂದೇ ಸ್ವರ ಕೊಡುವ ಉಕ್ಕಿನ ಕವಲುಗಳು. 512 ಹರ್ಟ್ಸಿನದನ್ನು ಕಿವಿಯ ಹತ್ತಿರ ಹಿಡಿದಾಗ ವೀರಭದ್ರಪ್ಪನವರ ಮುಖ ಅರಳಿತು. “ಬಿಳಿ ಒಂದ್ರಿ,” ಎಂದು ಆ ಸ್ವರ ಹೊರಡಿಸುವ ಪೇಟಿಯ ಬಿಳಿ ಪಟ್ಟಿಯನ್ನೇ ಹೆಸರಿಸಿದರು. ನೀಲವ್ವ ಹೌದೆಂದು ತಲೆಯಾಡಿಸಿದರು. ಆಮೇಲೆ ಇನ್ನೂ ಎತ್ತರದ ಸ್ವರದ, 2048ರ ಸಣ್ಣ ಫೋರ್ಕ್ ಹಿಡಿದೆ. ಅವರು ಕಾದರು.

“ಬಾರಸ್ರಿ, ಸಾಹೇಬ್ರ.”

ಬಾರಿಸಿಯಾಗಿತ್ತು. ಬಾಗಿಲ ಬಳಿ ನಿಂತಿದ್ದ ನೀಲವ್ವನಿಗೆ ಕೇಳುತ್ತಿತ್ತು.

ಗರಗಸದ ಸದ್ದು ತಿಂದ ನರ ಮತ್ತೆ ಬೆಳೆಯುವುದಿಲ್ಲ. ಮೊದಲು ಮೇಲಿನ ಸ್ವರಗಳು ಹೋಗುತ್ತವೆ, ಬರಬರುತ್ತ ಕೆಳಗಿನವೂ. ಇದನ್ನು ಕೂಗಿಯೇ ಹೇಳಬೇಕಾಯಿತು. ಹೊರಗೆ ಬೆಂಚಿನ ಮೇಲಿದ್ದ ರೋಗಿಗಳೂ ಮಾತು ನಿಲ್ಲಿಸಿದರು. ಗರಗಸ ಬಿಡಿ ಎಂದೂ ಕೂಗಿದೆ. ಅದೊಂದು ಅವರಿಗೆ ಕೇಳಿಸಲಿಲ್ಲ.

“ಹಂಗಾದ್ರ ಇನ್ನೆಷ್ಟು ಕಲೀಬೇಕ್ರಿ?” ಎಂದರು.

ಕಲಿತದ್ದು ಸಾಕು, ಈ ಸೋಮವಾರವೇ ಭಜನೆಗೆ ಕೂತುಕೊಳ್ಳಿ ಎಂದೆ.

ಮರುವಾರ ನೀಲವ್ವ ಒಬ್ಬರೇ ಬಂದರು. ಹೇಗಾಯಿತೆಂದು ವಿಚಾರಿಸಿದೆ. “ಅವರಿಗೆ ಕೇಳೋ ಪಟ್ಟಿಗೆ ನಾನ ಇಳದೆ ರೀ. ದನಿ ಗಂಟಲದಾಗ ಉಳೀತು, ಮಂದಿಗೆ ಒಂದಕ್ಷರ ತಿಳೀಲಿಲ್ಲ. ಅವರು ಮಾತ್ರ, ಭಾಳ ಛಂದ ಹಾಡಿದಿ ಅಂದ್ರು.”

ಅಂದಿನಿಂದ ಇನ್ನೆಷ್ಟು ಕಲಿಯಬೇಕೆಂದು ಯಾರಾದರೂ ಕೇಳಿದರೆ, ನಾನು ಮೊದಲು ಅವರ ಉದ್ಯೋಗ ಕೇಳುತ್ತೇನೆ.

ವೀರಭದ್ರಪ್ಪ ಎರಡು ವರ್ಷ ಸೋಮವಾರ ತಪ್ಪಿಸದೆ ನುಡಿಸಿದರು. 1985ರಲ್ಲಿ 512ರ ಫೋರ್ಕೂ ಅವರಿಗೆ ಕೇಳಿಸಲಿಲ್ಲ.