ಬೇಸ್ಮೆಂಟಿನ ಫ್ಯಾನು

ಇದನ್ನು ಹೇಳುವುದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದೆ. ಬೇಸಿಗೆಯಲ್ಲಿ ಅಷ್ಟು ಕಾಡುವುದಿಲ್ಲ. ಚಳಿ ಶುರುವಾಗಿ ಮನೆಯ ಹೀಟರು ಗುಂಯ್ ಅಂದಾಗ, ಕೆಳಗೆ ಬೇಸ್ಮೆಂಟಿನಲ್ಲಿ ಯಾರೋ ಸೈಕಲ್ ತುಳಿಯುತ್ತಿದ್ದಾರೆ ಅನಿಸುತ್ತದೆ. ಮೆಟ್ಟಿಲ ತನಕ ಹೋಗಿ ನಿಲ್ಲುತ್ತೇನೆ. ಇಳಿಯುವುದಿಲ್ಲ.

ನಾನು ಬಿಜಾಪುರದ ಕಡೆಯವನು. ಮೆಟ್ರಿಕ್ ಆದ ಮೇಲೆ ಓದು ಬಿಟ್ಟೆ, ಸೈಕಲ್ ಬಿಡಲಿಲ್ಲ. ನಮ್ಮ ಕಡೆ ಸೈಕಲ್ ರೇಸಿಗೆ ಕುಸ್ತಿಯಷ್ಟೇ ಮರ್ಯಾದೆ. ನಮ್ಮನ್ನು ತಯಾರು ಮಾಡಿದ ಉಸ್ತಾದರು ಪೈಲ್ವಾನರ ನೇಮವನ್ನೇ ನಮಗೂ ಹಾಕಿದ್ದರು. ಬೆವರಿದ ಮೈಗೆ ಗಾಳಿ ತಾಗಬಾರದು. ತುಳಿಯುವಾಗ ನೀರು ಕೇಳಬಾರದು. ಸೋಲಾಪುರದ ರಸ್ತೆಯಲ್ಲಿ ಬಿಸಿಲು ತಿಂದು ಬಂದವರಿಗೆ ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ಆ ನೇಮವನ್ನು ನಾನು ಹಾಗೇ ಅಮೆರಿಕದ ಮೇರಿಲ್ಯಾಂಡಿಗೆ ತಂದೆ.

ತೊಂಬತ್ತರ ದಶಕದ ನಡುವೆ ನಾವು ಅಲ್ಲಿನ ಕೊಲಂಬಿಯಾ ಎಂಬ ಊರಿನಲ್ಲಿದ್ದೆವು. ನನಗೆ ವೇರ್‌ಹೌಸಿನಲ್ಲಿ ಕೆಲಸ. ಸುತ್ತಲಿನ ಕನ್ನಡದವರೆಲ್ಲ ಕಂಪ್ಯೂಟರ್ ಮಂದಿ. ಹೈಸ್ಕೂಲಿನಲ್ಲಿದ್ದ ನನ್ನ ಒಬ್ಬಳೇ ಮಗಳು ಸೈಕಲ್ ರೇಸಿಗೆ ಇಳಿದಾಗ, ಎಲ್ಲರೂ ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಒಬ್ಬರು ತಟ್ಟೆ ಹಿಡಿದುಕೊಂಡೇ, "ಮಗಳಿಗೊಂದು ಕಾರ್ ಕೊಡಿಸಿ ಸಾರ್, ಪಾಪ, ಎಷ್ಟೂಂತ ತುಳೀತಾಳೆ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ವಸಂತದಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ನಡೆಯುವ ರೇಸನ್ನು ಅವಳು ಗೆಲ್ಲಲೇಬೇಕು ಎಂದು ಅವತ್ತೇ ಹಟ ಹಿಡಿದೆ.

ಹಿಮ ಬಿದ್ದ ಮೇಲೆ ರಸ್ತೆಯ ಮೇಲೆ ತುಳಿಯಲಾಗದು. ಬೇಸ್ಮೆಂಟಿನಲ್ಲಿ, ವಾಷಿಂಗ್ ಮಷಿನ್ ಪಕ್ಕ, ರೋಲರ್ ಹಾಕಿಕೊಟ್ಟೆ. ನೆಲದ ಮೇಲೆ ಮೂರು ಉರುಳೆ, ಅದರ ಮೇಲೆ ಸೈಕಲ್. ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ತುಳಿಯುತ್ತಿದ್ದರಷ್ಟೇ ಬೀಳುವುದಿಲ್ಲ. ಸ್ಕೂಲಿನಿಂದ ಬಂದವಳೇ ಹತ್ತುತ್ತಿದ್ದಳು. ಪಕ್ಕದಲ್ಲೇ ಹೀಟರಿನ ಯಂತ್ರ, ಕಿಟಕಿ ಮುಚ್ಚಿದ್ದು. ಅವಳ ಬೆವರು ಸಿಮೆಂಟಿನ ಮೇಲೆ ಕಪ್ಪಗೆ ಹರಡುತ್ತಿತ್ತು. ಅದನ್ನು ನೋಡಿ ನನಗೆ ಹಿಗ್ಗು.

ನನ್ನ ಹೆಂಡತಿ ದಿನಾ ಒಂದು ಫ್ಯಾನು ತಂದು ಮೆಟ್ಟಿಲ ಬುಡದಲ್ಲಿಟ್ಟು ಹಚ್ಚುತ್ತಿದ್ದಳು. ದಿನಾ ನಾನು ಆರಿಸುತ್ತಿದ್ದೆ. ಇದು ಜಗಳವೂ ಆಗಿರಲಿಲ್ಲ, ರೂಢಿಯಾಗಿತ್ತು. ಬಯಲಿನಲ್ಲಿ ಸೈಕಲ್ ಓಡಿದರೆ ಗಾಳಿ ತಾನೇ ಬಂದು ಮೈ ಆರಿಸುತ್ತದೆ, ಇಲ್ಲಿ ಚಕ್ರ ತಿರುಗಿದರೂ ಹುಡುಗಿ ಇದ್ದಲ್ಲೇ ಇರುತ್ತಾಳೆ. ಇಷ್ಟು ಸಣ್ಣ ಮಾತು ಊರಲ್ಲಿ ರೇಸ್ ಗೆದ್ದ ನನ್ನ ತಲೆಗೆ ಹೋಗಲಿಲ್ಲ. ಸೈಕಲ್ಲನ್ನೇ ಹತ್ತದ ಹೆಂಡತಿಗೆ ತಿಳಿದಿತ್ತು.

ಒಂದು ಸಂಜೆ ಅವಳು ಫ್ಯಾನು ಹಚ್ಚಿ ಅಲ್ಲೇ ನಿಂತಳು.

"ಹುಡುಗಿ ಮಾರಿ ನೋಡ್ರಿ. ತುಟಿ ಬೆಳ್ಳಗಾಗ್ಯಾವ."

"ಬೆವರಿಗೆ ಗಾಳಿ ಹತ್ತಿದ್ರ ಎದಿ ಹಿಡೀತೈತಿ. ನೀ ಮ್ಯಾಲ ಹೋಗು," ಎಂದು ಗದರಿ ಫ್ಯಾನಿನ ವೈರನ್ನು ಗೋಡೆಯಿಂದ ಕಿತ್ತೆ. ಅವಳು ಮೇಲೆ ಹೋದಳು. ಮಗಳು, "ಅಪ್ಪ, ವಾಟರ್," ಅಂದಳು. ಇನ್ನು ಸ್ವಲ್ಪ ತಡಿ ಅಂದೆ. ಒಣಹಾಕಿದ ಬಟ್ಟೆ ಹಗ್ಗದಿಂದ ಜಾರುವ ಹಾಗೆ ಅವಳು ಒಂದು ಕಡೆಗೆ ವಾಲಿದಳು. ವಾಷಿಂಗ್ ಮಷಿನ್ನಿನ ಅಂಚಿಗೆ ಭುಜ ಬಡಿಯಿತು. ಅವಳು ಬಿದ್ದ ಮೇಲೂ ಉರುಳೆಗಳು ಸ್ವಲ್ಪ ಹೊತ್ತು ತಿರುಗುತ್ತಲೇ ಇದ್ದವು.

ಆಸ್ಪತ್ರೆಯಲ್ಲಿ ಭುಜದ ಮುಂದಿನ ಕೊರಳೆಲುಬು ಮುರಿದಿದೆ ಎಂದರು. ವಸಂತದ ರೇಸು ಅಲ್ಲಿಗೆ ಮುಗಿಯಿತು. ಮಗಳಿಗೆ ಬಿದ್ದದ್ದು ನೆನಪಿರಲಿಲ್ಲ. ಏನಾಯ್ತು ಎಂದು ನನ್ನನ್ನೇ ಕೇಳಿದಳು. ಅವಳ ತಾಯಿ ನಮ್ಮೆಲ್ಲರ ಕೋಟುಗಳನ್ನು ಅಪ್ಪಿಕೊಂಡು ಹಾಸಿಗೆಯ ಆ ಕಡೆ ನಿಂತಿದ್ದಳು.

"ನಿಮ್ಮವ್ವ ಫ್ಯಾನು ಹಚ್ಚಾಕ ಬಂದಿದ್ಲು. ವೈರು ರೋಲರಿಗೆ ಸಿಕ್ತು," ಅಂದೆ.

ಹೆಂಡತಿ ನನ್ನ ಮುಖ ನೋಡಿದಳು. ಅಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ಬಗ್ಗಿ ಮಗಳ ಕಾಲಿಗೆ ಹೊದಿಕೆ ಸರಿಮಾಡಿದಳು. ಮಗಳು ಕಾಲು ಎಳೆದುಕೊಂಡಳು.

ಎಲುಬು ಕೂಡಿತು, ಆದರೆ ಮಗಳು ಮತ್ತೆ ಸೈಕಲ್ ಹತ್ತಲಿಲ್ಲ. ಕಾಲೇಜಿಗೆಂದು ಅಟ್ಲಾಂಟಾಕ್ಕೆ ಹೋದವಳು ಅಲ್ಲೇ ನಿಂತಳು. ಭಾನುವಾರ ಫೋನು ಬಂದರೆ ಹೆಂಡತಿಯೇ ಓಡಿಹೋಗಿ ಎತ್ತುತ್ತಿದ್ದಳು. ಊಟ ಆಯ್ತಾ ಎಂದು ಕೇಳುವಷ್ಟರಲ್ಲಿ, "ತಗೋರಿ, ನಿಮ್ಮನ್ನ ಕೇಳಾಕತ್ತಾಳ," ಎಂದು ನನ್ನ ಕೈಗೆ ಕೊಡುತ್ತಿದ್ದಳು. ಆಮೇಲೆ ದೂರ ಹೋಗುತ್ತಿರಲಿಲ್ಲ. ಮಗಳ ದನಿ ಹೊರಗೆ ಕೇಳುವಷ್ಟು ಹತ್ತಿರ ಕೂತು ಸೊಪ್ಪು ಸೋಸುತ್ತಿದ್ದಳು. ನನ್ನ ಸುಳ್ಳಿನ ಬಗ್ಗೆ ಅವಳು ಸಾಯುವ ತನಕ ಒಂದು ಮಾತು ಎತ್ತಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿರುತ್ತಿದ್ದೆನೇನೋ. ಇದೂ ಒಂದು ನೆಪವೇ.

ಹೆಂಡತಿ ಇಲ್ಲದ ಈ ಚಳಿಗಾಲ, ಹೀಟರು ಚಾಲೂ ಆದ ದಿನ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ವೈರು ಕಿತ್ತವನು ನಾನು, ನೀರು ಕೊಡದವನು ನಾನು. ಎಲ್ಲ ಕೇಳಿಸಿಕೊಂಡು, ತನ್ನ ಅಮೆರಿಕದ ಕನ್ನಡದಲ್ಲಿ ಒಂದೇ ಮಾತು ಕೇಳಿದಳು.

"ಅಪ್ಪ, ಅಮ್ಮನಿಗೆ ಸಾರಿ ಹೇಳಿದ್ಯಾ?"

ಫೋನು ಇಟ್ಟುಬಿಟ್ಟೆ. ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಇಲ್ಲ. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟದ್ದು ಅವಳನ್ನೇ, ನಿನ್ನ ಅವ್ವನನ್ನು, ನನ್ನ ಹೆಂಡತಿಯನ್ನು.