ಸೀಸೆಯ ಒಳಗೋಡೆಗೆ ಹತ್ತಿದ್ದು

ಎಂಬತ್ತರ ದಶಕದ ನಡುವೆ ನಾನು ಜಯನಗರದ ಕಾಲೇಜೊಂದರ ಭೂವಿಜ್ಞಾನ ಲ್ಯಾಬಿನಲ್ಲಿ ಕೊಳವೆಬಾವಿಗಳ ನೀರು ಪರೀಕ್ಷಿಸುತ್ತಿದ್ದೆ. ನಮ್ಮ ಕಡೆಯ ಬಂಡೆಗಳಲ್ಲಿ ಅಷ್ಟಿಷ್ಟು ಯುರೇನಿಯಂ ಇರುತ್ತದೆ, ಕೆಲವೆಡೆ ಆಳದ ನೀರಿಗೂ ಇಳಿಯುತ್ತದೆ. ಆಗೆಲ್ಲ ಅದನ್ನು ವಿಚಾರಿಸುವವರೇ ಇರಲಿಲ್ಲ. ವಿಚಾರಿಸಿದವಳು ನನ್ನ ಅಕ್ಕ, ಅದೂ ನನ್ನ ಕೊರೆತ ಕೇಳಿ ಹೆದರಿ. ಜೆ.ಪಿ. ನಗರದಲ್ಲಿ ಹೊಸ ಮನೆ, ಬೋರ್‌ವೆಲ್ ಬಿಟ್ಟರೆ ಬೇರೆ ನೀರಿಲ್ಲ, ಜೊತೆಗೆ ನಾಲ್ಕು ತಿಂಗಳ ಬಸುರಿ.

"ನಾನು ಈ ನೀರು ಕುಡೀಬಹುದೇನೇ?" ಎಂದಳು.

ಭಾನುವಾರ ಊಟಕ್ಕೆ ಹೋದಾಗ ಪಂಪಿನಿಂದ ಒಂದು ಸೀಸೆ ಹಿಡಿದು ಬ್ಯಾಗಿಗೆ ಹಾಕಿಕೊಂಡೆ. ಬೇರೆಯವರ ನೀರಾಗಿದ್ದರೆ, ಕರಗಿದ್ದು ಕರಗಿದಂತೆಯೇ ಉಳಿಯಲೆಂದು ಅಲ್ಲೇ ಎರಡು ಹನಿ ಆಸಿಡ್ ಹಾಕುತ್ತಿದ್ದೆ. ಅಕ್ಕನ ಮನೆಯದು ತಾನೇ ಎಂಬ ಸಲಿಗೆ. ಸೀಸೆ ಹತ್ತು ದಿನ ಲ್ಯಾಬಿನ ಕಪಾಟಿನಲ್ಲಿ ಕೂತಿತು. ಆಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿ ಪರೀಕ್ಷಿಸಿದೆ. ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಭಾನುವಾರ ಹೋಗಿ, "ಧಾರಾಳವಾಗಿ ಕುಡಿ" ಎಂದು ದೊಡ್ಡ ಪಂಡಿತೆಯಂತೆ ಹೇಳಿಬಂದೆ.

ತಿಂಗಳಾದ ಮೇಲೆ ಆ ಸೀಸೆಯನ್ನು ತೊಳೆಯಲು ತೆಗೆದರೆ ಒಳಗೋಡೆಗೆ ಕೆಂಪು ಪೊರೆ ಹತ್ತಿತ್ತು. ಉಜ್ಜಲು ಬ್ರಷ್ ಹಾಕುವಷ್ಟರಲ್ಲಿ ನಮ್ಮ ಪ್ರೊಫೆಸರ್ ನೋಡಿದರು.

"ತಡೀರಿ. ಇದಕ್ಕೆ ಆಸಿಡ್ ಹಾಕಿದ್ರಾ?"

ಇಲ್ಲ ಎಂದೆ. ಅವರೇ ಆಸಿಡ್ ಸುರಿದು, ಕುಲುಕಿ, ಪೊರೆಯನ್ನು ಕರಗಿಸಿ ಪರೀಕ್ಷೆಗೆ ಸಿದ್ಧ ಮಾಡಿ ನೇರಳಾತೀತ ದೀಪದ ಕೆಳಗಿಟ್ಟರು. ಯುರೇನಿಯಂನ ಗುರುತಾದ ಹಳದಿ ಬೆರೆತ ಹಸಿರು ಜ್ವಲಜ್ವಲ ಹೊಳೆಯಿತು.

"ನೀರಲ್ಲಿರೋ ಕಬ್ಬಿಣ ಗಾಳಿ ತಾಗಿದ್ರೆ ತುಕ್ಕಾಗತ್ತೆ, ಯುರೇನಿಯಂ ಆ ತುಕ್ಕಿಗೆ ಅಂಟ್ಕೊಳ್ಳತ್ತೆ. ಮಣ್ಣಿನ ಕಣಗಳ ಮೇಲೂ ಇಂಥದೇ ಪೊರೆ ಇರತ್ತೆ, ಅಲ್ಲೂ ಹೀಗೇ ಹಿಡ್ಕೊಂಡಿರತ್ತೆ. ನೀವು ಪೊರೆ ಬಿಟ್ಟು ಬರೀ ನೀರು ನೋಡಿದೀರಿ," ಎಂದರು.

ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯಲ್ಲಿ ಒಂದು ಸಮಾಧಾನ ಹುಡುಕಿಕೊಂಡೆ: ನಿಂತರೆ ಕೆಂಪಾಗುವ ನೀರು ಅದು, ಅಕ್ಕನೂ ಕೆಂಪು ತಳಕ್ಕೆ ಕೂರುವವರೆಗೆ ಬಿಟ್ಟು ತಿಳಿಯನ್ನೇ ಕುಡಿಯುತ್ತಿರಬಹುದು. ಹೋದವಳೇ ಅದನ್ನೇ ಕೇಳಿದೆ.

"ಮೊದ್ಲು ಹಾಗೇ ಮಾಡ್ತಿದ್ದೆ ಕಣೇ," ಎಂದಳು. "ಕೊಳಗದಲ್ಲಿ ಎರಡು ದಿನ ಇಟ್ಟು, ಮೇಲಿಂದು ಮಾತ್ರ ತಗೋತಿದ್ದೆ. ನೀನು ಒಳ್ಳೇ ನೀರು ಅಂದ್ಯಲ್ಲ, ಅವತ್ತಿಂದ ಆ ತಾಪತ್ರಯ ಬಿಟ್ಟೆ. ಪಂಪಿಂದ ಹಿಡಿದು ಹಾಗೇ ಕುಡಿದುಬಿಡ್ತೀನಿ."

ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಆದರೂ ನಡೆದದ್ದನ್ನೆಲ್ಲ ಹೇಳಿದೆ, ಆ ನೀರು ಇನ್ನು ಬೇಡವೆಂದೆ. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಈಗ ಹೇಳಿದ್ದನ್ನ ನಂಬ್ಲಾ?" ಎಂದಳು.